ಮೈದಾನಕ್ಕೆ ಇಳಿಯೋರು ಯಾರು? ಗ್ರೀಸ್ ನೆನಪಲ್ಲಿ ನಡೆದ ಆಟದ ಹಬ್ಬಗಳ ಕಥೆ

ಆಧುನಿಕ ಒಲಿಂಪಿಕ್ಸ್ ಶುರು ಮಾಡಿದ್ದು ಯಾರು ಅಂತ ಕ್ವಿಜ್‌ನಲ್ಲಿ ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು. ಫ್ರಾನ್ಸಿನ ಪಿಯರ್ ಡಿ ಕೂಬರ್ಟಿನ್, 1896, ಅಥೆನ್ಸ್. ಉತ್ತರ ತಪ್ಪಲ್ಲ. ಆದರೆ ಅದರ ಹಿಂದೆ ಸುಮಾರು ಮುನ್ನೂರು ವರ್ಷಗಳ ಕಥೆ ಮರೆಯಾಗಿ ಕೂತಿದೆ. ಕೂಬರ್ಟಿನ್ ಹುಟ್ಟಿದ್ದು 1863ರಲ್ಲಿ. ಅಷ್ಟರಲ್ಲಾಗಲೇ ಇಂಗ್ಲೆಂಡಿನ ಒಂದು ಗುಡ್ಡದ ಮೇಲೆ, ಕ್ರಾಂತಿಯ ನಂತರದ ಪ್ಯಾರಿಸ್‌ನಲ್ಲಿ, ಸ್ವೀಡನ್ನಿನಲ್ಲಿ, ಕೊನೆಗೆ ಅಥೆನ್ಸ್‌ನಲ್ಲೇ ಒಲಿಂಪಿಕ್ ಹೆಸರು ಹೊತ್ತ ಆಟದ ಹಬ್ಬಗಳು ನಡೆದುಹೋಗಿದ್ದವು.

ಈ ಹಬ್ಬಗಳ ಇತಿಹಾಸ ಓದುವಾಗ ನನಗೆ ಎದ್ದು ಕಾಣುವುದು ಒಂದೇ ಪ್ರಶ್ನೆ. ಮೈದಾನಕ್ಕೆ ಇಳಿಯುವ ಹಕ್ಕು ಯಾರಿಗೆ? ಎಲ್ಲ ಕಾಲದಲ್ಲೂ ಜಗಳ ಆಗಿದ್ದು ಇದರ ಸುತ್ತಲೇ. ಎರಡೂ ಕಡೆಯವರು ತಮ್ಮ ವಾದಕ್ಕೆ ಹಳೆಯ ಗ್ರೀಸನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ಹಾಗಾಗಿ ಮೊದಲು ಆ ಹಳೆಯ ಗ್ರೀಸ್‌ನಲ್ಲಿ ನಿಜವಾಗಿ ಏನಿತ್ತು ಅಂತ ನೋಡೋಣ.

ಮೂಲ ಹಬ್ಬ

ಒಲಿಂಪಿಯಾ ಒಂದು ದೇವಸ್ಥಾನದ ಜಾಗ. ಗ್ರೀಸ್‌ನ ದಕ್ಷಿಣದ ಪೆಲೊಪೊನೀಸ್ ಪ್ರದೇಶದಲ್ಲಿದೆ. ಜ್ಯೂಸ್ ದೇವರ ಹೆಸರಲ್ಲಿ ಇಲ್ಲಿ ನಾಲ್ಕು ವರ್ಷಕ್ಕೊಮ್ಮೆ ಹಬ್ಬ ನಡೆಯುತ್ತಿತ್ತು. ಗ್ರೀಕರ ಎಣಿಕೆ ಶುರುವಾಗುವುದು ಕ್ರಿ.ಪೂ. 776ರಿಂದ. ಆ ವರ್ಷ ಗೆದ್ದವನು ಎಲಿಸ್ ಊರಿನ ಕೊರೋಯ್ಬೋಸ್, ವೃತ್ತಿಯಲ್ಲಿ ಅಡುಗೆಯವ ಅಂತ ಹಳೆಯ ಬರಹಗಳು ಹೇಳುತ್ತವೆ. ಆಗ ಇದ್ದದ್ದು ಒಂದೇ ಓಟ, ಸುಮಾರು 192 ಮೀಟರ್. ಆಮೇಲೆ ಕುಸ್ತಿ, ಮುಷ್ಟಿಕಾಳಗ, ರಥದ ಓಟ, ಐದು ಆಟಗಳ ಪೆಂಟಾಥ್ಲಾನ್ ಒಂದೊಂದಾಗಿ ಸೇರಿಕೊಂಡವು. ಇದೇ ಮಟ್ಟದ ಇನ್ನೂ ಮೂರು ಹಬ್ಬಗಳಿದ್ದವು: ಡೆಲ್ಫಿ, ಇಸ್ತ್ಮಿಯಾ, ನೆಮಿಯಾ. ಒಲಿಂಪಿಯಾದಲ್ಲಿ ಗೆದ್ದವರಿಗೆ ಆಲಿವ್ ಎಲೆಯ ಕಿರೀಟ, ಡೆಲ್ಫಿಯಲ್ಲಿ ಲಾರೆಲ್ ಎಲೆಯದು, ನೆಮಿಯಾದಲ್ಲಿ ಕಾಡು ಸೆಲರಿ ಸೊಪ್ಪಿನದು.

ಎಲೆಯ ಕಿರೀಟ ಅಂದಕೂಡಲೇ ಗ್ರೀಕರು ಹಣದ ಆಸೆಯಿಲ್ಲದೆ ಆಡುತ್ತಿದ್ದರು ಅಂತ ನಮಗೆ ಅನ್ನಿಸುತ್ತದೆ. ಅದು ನಿಜವಲ್ಲ. ಒಲಿಂಪಿಯಾದಲ್ಲಿ ಗೆದ್ದ ತನ್ನ ಊರಿನವನಿಗೆ ಅಥೆನ್ಸ್ ನಗರ 500 ದ್ರಾಕ್ಮ (ಆಗಿನ ಗ್ರೀಕ್ ಬೆಳ್ಳಿ ನಾಣ್ಯ) ಕೊಡುವ ಕಾನೂನು ಮಾಡಿತ್ತು ಅಂತ ಹಳೆಯ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಅಥೆನ್ಸ್‌ನದೇ ಪಾನಥೆನಾಯಿಕ್ ಹಬ್ಬದಲ್ಲಿ ಗೆದ್ದವರಿಗೆ ಜಾಡಿಗಟ್ಟಲೆ ಆಲಿವ್ ಎಣ್ಣೆ ಸಿಗುತ್ತಿತ್ತು. ಅದನ್ನು ಮಾರಿದರೆ ಒಳ್ಳೆಯ ದುಡ್ಡು. ಆಟದಿಂದಲೇ ಬದುಕಿದ ಕ್ರೀಡಾಪಟುಗಳು ಆಗಲೂ ಇದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯುದ್ಧವಿರಾಮದ ವಿಷಯದಲ್ಲೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಹಬ್ಬಕ್ಕಾಗಿ ಗ್ರೀಸ್‌ನ ಯುದ್ಧಗಳೆಲ್ಲ ನಿಂತುಬಿಡುತ್ತಿರಲಿಲ್ಲ. ಹಬ್ಬಕ್ಕೆ ಬಂದು ಹೋಗುವವರ ಮೇಲೆ ಕೈಮಾಡಬಾರದು, ಒಲಿಂಪಿಯಾದ ನೆಲಕ್ಕೆ ಸೈನ್ಯ ನುಗ್ಗಬಾರದು ಅನ್ನುವುದಷ್ಟೇ ಒಪ್ಪಂದ.

ಆಡುವ ಹಕ್ಕು ಇದ್ದದ್ದು ಗ್ರೀಕ್ ಗಂಡಸರಿಗೆ, ಅದೂ ಗುಲಾಮರಲ್ಲದವರಿಗೆ ಮಾತ್ರ. ಮದುವೆಯಾದ ಹೆಂಗಸರು ಬಂದು ನೋಡುವ ಹಾಗೂ ಇರಲಿಲ್ಲ. ಆದರೆ ರಥದ ಓಟದಲ್ಲಿ ಗೆಲುವು ಕುದುರೆ ಸಾಕಿದವರದು, ಓಡಿಸಿದವರದಲ್ಲ. ಈ ನಿಯಮ ಬಳಸಿಕೊಂಡೇ ಸ್ಪಾರ್ಟಾದ ರಾಜಕುಮಾರಿ ಕಿನಿಸ್ಕಾ ಕ್ರಿ.ಪೂ. 396 ಮತ್ತು 392ರಲ್ಲಿ ಒಲಿಂಪಿಕ್ ಗೆದ್ದಳು. ಒಲಿಂಪಿಯಾದಲ್ಲೇ ಹೀರಾ ದೇವಿಯ ಹೆಸರಲ್ಲಿ ಹುಡುಗಿಯರಿಗೆ ಬೇರೆ ಓಟವೂ ಇತ್ತು. ಮಂಡಿಯ ಮೇಲಿನವರೆಗಿನ ಬಟ್ಟೆ, ಬಿಚ್ಚಿದ ಕೂದಲು. ಓಡುವ ದೂರ ಗಂಡಸರದಕ್ಕಿಂತ ಆರನೇ ಒಂದು ಪಾಲು ಕಡಿಮೆ. ಗೆದ್ದವಳಿಗೆ ಆಲಿವ್ ಕಿರೀಟ.

ರೋಮನ್ ಚಕ್ರವರ್ತಿಗಳು ಕ್ರೈಸ್ತರಾದ ಮೇಲೆ ಹಳೆಯ ದೇವರ ಪೂಜೆಗಳಿಗೆ ತಡೆ ಬಿತ್ತು. ಒಲಿಂಪಿಯಾ ಹಬ್ಬ ಕ್ರಿ.ಶ. 393ರ ಸುಮಾರಿಗೆ ನಿಂತಿತು ಅನ್ನುವುದು ರೂಢಿಯ ಲೆಕ್ಕ. ಆಮೇಲೆ ಭೂಕಂಪ, ನದಿಯ ಪ್ರವಾಹ. ಇಡೀ ಜಾಗ ಹೂಳಿನ ಕೆಳಗೆ ಹೋಯಿತು. ಗ್ರೀಕ್ ಆಟಗಳು ಇನ್ನು ಉಳಿದದ್ದು ಪುಸ್ತಕಗಳಲ್ಲಿ.

ಗುಡ್ಡದ ಮೇಲಿನ ವಕೀಲ

ಪುಸ್ತಕದಿಂದ ಅದನ್ನು ಹೊರಗೆ ತಂದವರಲ್ಲಿ ಮೊದಲಿಗ ರಾಬರ್ಟ್ ಡೋವರ್ ಅನ್ನುವ ವಕೀಲ. ಇಂಗ್ಲೆಂಡಿನ ಚಿಪ್ಪಿಂಗ್ ಕ್ಯಾಂಪ್‌ಡೆನ್ ಊರಿನ ಹತ್ತಿರದ ಗುಡ್ಡದಲ್ಲಿ 1612ರ ಸುಮಾರಿಗೆ ಅವನು ಕಾಟ್ಸ್‌ವೋಲ್ಡ್ ಆಟಗಳನ್ನು ಕೈಗೆತ್ತಿಕೊಂಡ. ಕುಸ್ತಿ, ಕುದುರೆ ಓಟ, ಸುತ್ತಿಗೆ ಎಸೆತ, ಕುಣಿತ, ಹಾಡು, ಊಟ, ಚದುರಂಗ. ಒಟ್ಟಿನಲ್ಲಿ ನಮ್ಮ ಊರ ಜಾತ್ರೆಯ ಹಾಗೆ. ಮೊಣಕಾಲಿನ ಕೆಳಗೆ ಒಬ್ಬರಿಗೊಬ್ಬರು ಒದೆಯುವ ಸ್ಪರ್ಧೆ ಇಲ್ಲಿ ತುಂಬ ಹೆಸರುವಾಸಿ. ಅದು ಈಗಲೂ ನಡೆಯುತ್ತದೆ, ಪ್ಯಾಂಟಿನೊಳಗೆ ಒಣಹುಲ್ಲು ತುರುಕಿಕೊಂಡು ಒದೆಯುತ್ತಾರೆ.

ಆ ಕಾಲದಲ್ಲಿ ಪ್ಯೂರಿಟನ್ ಅನ್ನುವ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರು ಇಂಥ ಹಬ್ಬಗಳನ್ನೆಲ್ಲ ಪಾಪ ಅನ್ನುತ್ತಿದ್ದರು. ಡೋವರ್ ಅವರಿಗೆ ಎದುರಾಗಿ, ಬಡವ ಶ್ರೀಮಂತ ಎಲ್ಲರೂ ಒಂದೇ ಗುಡ್ಡದ ಮೇಲೆ ಸೇರಬೇಕು ಅಂದ. 1636ರಲ್ಲಿ ಮೂವತ್ತಕ್ಕೂ ಹೆಚ್ಚು ಕವಿಗಳು ಅವನನ್ನು ಹೊಗಳಿ ಪದ್ಯ ಬರೆದು ಪುಸ್ತಕ ತಂದರು. ಶೇಕ್ಸ್‌ಪಿಯರ್ ಕಾಲದ ನಾಟಕಕಾರ ಬೆನ್ ಜಾನ್ಸನ್ ಅವರಲ್ಲಿ ಒಬ್ಬ. ಈ ಆಟಗಳಿಗೆ ಒಲಿಂಪಿಯಾದ ಹೋಲಿಕೆ ಗಟ್ಟಿಯಾಗಿ ಅಂಟಿಕೊಂಡಿದ್ದು ಆ ಪುಸ್ತಕದಿಂದ. ನಡುವೆ ಅಂತರ್ಯುದ್ಧ ಬಂದು ಆಟ ನಿಂತಿತು, ಮತ್ತೆ ಶುರುವಾಯಿತು, 1852ರಲ್ಲಿ ಮತ್ತೆ ನಿಂತಿತು. 1951ರಲ್ಲಿ ಜನ ಅದನ್ನು ಪುನಃ ಎಬ್ಬಿಸಿದರು.

ನಡುವಿನ ಪ್ರಯತ್ನಗಳನ್ನು ಬೇಗ ದಾಟೋಣ. 1796ರಿಂದ 1798ರವರೆಗೆ ಪ್ಯಾರಿಸ್‌ನಲ್ಲಿ ಗಣರಾಜ್ಯದ ಒಲಿಂಪಿಯಾಡ್ ನಡೆಯಿತು. 1834 ಮತ್ತು 1836ರಲ್ಲಿ ಸ್ವೀಡನ್ನಿನ ರಾಮ್‌ಲೋಸಾದಲ್ಲಿ ಗುಸ್ತಾವ್ ಶಾರ್ತೌ ಅನ್ನುವ ಪ್ರೊಫೆಸರ್ ಒಲಿಂಪಿಕ್ ಆಟ ನಡೆಸಿದರು. ಎರಡೂ ಬಹಳ ದಿನ ಬಾಳಲಿಲ್ಲ. ಬಾಳಿದ್ದು ಇಂಗ್ಲೆಂಡಿನ ಒಬ್ಬ ಹಳ್ಳಿ ಡಾಕ್ಟರು ಕಟ್ಟಿದ್ದು.

ಡಾಕ್ಟರ್ ಬ್ರೂಕ್ಸ್ ಮತ್ತು ಕೂಲಿಯವನ ಓಟ

ವಿಲಿಯಂ ಪೆನ್ನಿ ಬ್ರೂಕ್ಸ್ ಹುಟ್ಟಿದ್ದು 1809ರಲ್ಲಿ, ಶ್ರಾಪ್‌ಶೈರ್‌ನ ಮಚ್ ವೆನ್‌ಲಾಕ್ ಎಂಬ ಪುಟ್ಟ ಊರಲ್ಲಿ. ಲಂಡನ್, ಪ್ಯಾರಿಸ್, ಪಾದುವಾದಲ್ಲಿ ವೈದ್ಯಕೀಯ ಓದಿ ಊರಿಗೇ ವಾಪಸ್ ಬಂದರು. ರೈತರು, ಕೂಲಿಯವರು ಓದಲಿ ಅಂತ 1841ರಲ್ಲಿ ಒಂದು ವಾಚನ ಸಂಘ ಕಟ್ಟಿದರು. ಓದಿನ ಜೊತೆ ಮೈಯೂ ಗಟ್ಟಿಯಾಗಬೇಕು ಅಂತ 1850ರಲ್ಲಿ ಅದರ ಒಳಗೇ ಒಲಿಂಪಿಯನ್ ತರಗತಿ ತೆರೆದರು. ಅದೇ ಅಕ್ಟೋಬರ್‌ನಲ್ಲಿ ಮೊದಲ ಆಟ.

ಏನೇನಿತ್ತು ಅಂತೀರಾ? ಓಟ, ಜಿಗಿತ, ಕ್ರಿಕೆಟ್, ಫುಟ್‌ಬಾಲ್. ಜೊತೆಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೈಗಾಡಿ ತಳ್ಳುವ ಸ್ಪರ್ಧೆ, ಮುದುಕಿಯರ ಓಟ. ಮುದುಕಿಯರಿಗೆ ಬಹುಮಾನ ಒಂದು ಪೌಂಡ್ ಚಹಾಪುಡಿ. ಬ್ಯಾಂಡ್ ಸಮೇತ ಮೆರವಣಿಗೆ ಇರುತ್ತಿತ್ತು. ಕುದುರೆ ಮೇಲೆ ಹೋಗುತ್ತಾ ಈಟಿಯ ತುದಿಯಿಂದ ಉಂಗುರ ಎತ್ತುವ ಆಟದಲ್ಲಿ ಗೆದ್ದವನಿಗೆ ಎಲೆಯ ಕಿರೀಟ ಇಡುತ್ತಿದ್ದರು. ಕೆಲವರಿಗೆ ಇದು ಹಳ್ಳಿಯ ಮೋಜು ಅನ್ನಿಸಬಹುದು. ಆದರೆ ಬ್ರೂಕ್ಸ್ ಬರೆದಿಟ್ಟ ನಿಯಮ ನೋಡಿ: ಯಾವ ದರ್ಜೆಯ ಮನುಷ್ಯನಾದರೂ ಸರಿ, ಆಡಬಹುದು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಇದು ದೊಡ್ಡ ಮಾತು.

ಎಷ್ಟು ದೊಡ್ಡ ಮಾತು ಅಂತ ಮುಂದೆ ಗೊತ್ತಾಯಿತು. 1865ರಲ್ಲಿ ಬ್ರೂಕ್ಸ್, ಲಿವರ್‌ಪೂಲ್‌ನ ಜಾನ್ ಹಲ್ಲಿ, ಲಂಡನ್‌ನ ಅರ್ನ್ಸ್ಟ್ ರಾವೆನ್‌ಸ್ಟೈನ್ ಸೇರಿ ರಾಷ್ಟ್ರೀಯ ಒಲಿಂಪಿಯನ್ ಸಂಘ ಕಟ್ಟಿದರು. ಮರುವರ್ಷ ಲಂಡನ್‌ನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಮೊದಲ ದೊಡ್ಡ ಹಬ್ಬ ನಡೆಯಿತು. ಸುಮಾರು 10,000 ಜನ ಸೇರಿದ್ದರು. ಅಲ್ಲಿ 440 ಗಜದ ಹರ್ಡಲ್ಸ್ ಗೆದ್ದವನು 18 ವರ್ಷದ ಒಬ್ಬ ಹುಡುಗ. ಅವನು ಅದೇ ಹೊತ್ತಿಗೆ ಓವಲ್ ಮೈದಾನದಲ್ಲಿ ಸರ್ರೆ ವಿರುದ್ಧ ಕ್ರಿಕೆಟ್ ಆಡುತ್ತಿದ್ದ. ಔಟಾಗದೆ 224 ರನ್ ಹೊಡೆದು, ಕ್ಯಾಪ್ಟನ್ ಒಪ್ಪಿಗೆ ಪಡೆದು ಓಡಲು ಬಂದಿದ್ದ. ಹೆಸರು ಡಬ್ಲ್ಯು.ಜಿ. ಗ್ರೇಸ್. ಕ್ರಿಕೆಟ್ ಇತಿಹಾಸದ ಮೊದಲ ದೊಡ್ಡ ತಾರೆ ಒಲಿಂಪಿಯನ್ ಹಬ್ಬದಲ್ಲೂ ಗೆದ್ದಿದ್ದ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇದಕ್ಕೆ ಎದುರಾಗಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಲ್ಲಿ ಓದಿದ ಸಿರಿವಂತರು ಲಂಡನ್‌ನಲ್ಲಿ ಅಮೆಚೂರ್ ಅಥ್ಲೆಟಿಕ್ ಕ್ಲಬ್ ತೆರೆದರು. ಅಮೆಚೂರ್ ಅಂದರೆ ಹಣಕ್ಕಾಗಿ ಆಡದವನು ಅಂತ ನಾವು ತಿಳಿಯುತ್ತೇವೆ ಅಲ್ವಾ? ಇವರ ನಿಯಮ ಅಷ್ಟಕ್ಕೇ ನಿಲ್ಲಲಿಲ್ಲ. ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಯವ ಆಗಿದ್ದರೆ ಅವನು ಅಮೆಚೂರ್ ಅಲ್ಲವೇ ಅಲ್ಲ. ಆಟದಿಂದ ಒಂದು ಕಾಸು ಪಡೆಯದಿದ್ದರೂ ಅಷ್ಟೇ. ಕಾರಣ ಸರಳ. ದಿನವಿಡೀ ಮೈ ದುಡಿಸುವವನ ಜೊತೆ ಓಡಿ ಸೋಲುವುದು ಇವರಿಗೆ ಬೇಕಿರಲಿಲ್ಲ, ಅವನ ಪಕ್ಕ ನಿಲ್ಲುವುದೂ ಬೇಕಿರಲಿಲ್ಲ. ಈ ವರ್ಗಭೇದಕ್ಕೆ ಮುಂದೆ ಗ್ರೀಕ್ ಆದರ್ಶ ಅಂತ ಹೆಸರು ಕೊಟ್ಟರು. ಎಣ್ಣೆಯ ಜಾಡಿ ಹೊತ್ತು ಮನೆಗೆ ಹೋದ ಗ್ರೀಕರನ್ನು ಮರೆತೇಬಿಟ್ಟರು. ಕೂಲಿಯವರನ್ನು ಹೊರಗಿಡುವ ಈ ನಿಯಮ ಇಂಗ್ಲೆಂಡಿನ ಅಥ್ಲೆಟಿಕ್ಸ್‌ನಿಂದ ಹೋಗಿದ್ದು 1880ರಲ್ಲಿ ಹೊಸ ರಾಷ್ಟ್ರೀಯ ಸಂಸ್ಥೆ ಬಂದ ಮೇಲೆ.

ಅಥೆನ್ಸ್‌ನಲ್ಲೂ ಅದೇ ಜಗಳ

ಗ್ರೀಸ್‌ನ ಕಥೆ ಬೇರೆ ದಾರಿಯಲ್ಲಿ ಶುರುವಾಗುತ್ತದೆ. ಒಟ್ಟೋಮನ್ ಆಳ್ವಿಕೆಯಿಂದ ಹೊರಬಂದ ಹೊಸ ದೇಶ ಅದು. ಹಳೆಯ ಆಟಗಳನ್ನು ಮತ್ತೆ ಶುರು ಮಾಡೋಣ ಅಂತ 1830ರ ದಶಕದಲ್ಲಿ ಕವಿ ಪನಾಯೋಟಿಸ್ ಸೂಟ್ಸೋಸ್ ಬರೆಯತೊಡಗಿದ. ಅದಕ್ಕೆ ಹಣ ಕೊಡಲು ಮುಂದೆ ಬಂದವನು ಇವಾಂಗೆಲಿಸ್ ಝಪ್ಪಾಸ್. ಈಗಿನ ಅಲ್ಬೇನಿಯಾದಲ್ಲಿರುವ ಲಬೋವಾ ಊರಿನವನು. ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವನು. ಆಮೇಲೆ ರೊಮೇನಿಯಾ ಕಡೆ ಹೋಗಿ ಜಮೀನು, ಬೇಸಾಯದಿಂದ ಭಾರಿ ಶ್ರೀಮಂತನಾದ. 1856ರಲ್ಲಿ ಅವನು ರಾಜ ಓಟೋಗೆ ಪತ್ರ ಬರೆದು, ಒಲಿಂಪಿಕ್ಸ್ ನಡೆಸಿ, ಖರ್ಚು ನನ್ನದು ಅಂದ.

ಮಂತ್ರಿಗಳಿಗೆ ಆಟಕ್ಕಿಂತ ಕೈಗಾರಿಕೆಯ ಮೇಲೆ ಆಸಕ್ತಿ. ಹಾಗಾಗಿ 1859ರ ನವೆಂಬರ್‌ನಲ್ಲಿ ಕೃಷಿ, ಕೈಗಾರಿಕೆ ವಸ್ತುಪ್ರದರ್ಶನದ ಜೊತೆಗೆ ಆಟ ನಡೆಯಿತು. ಸ್ಟೇಡಿಯಂ ಇನ್ನೂ ಹೂತುಹೋಗಿತ್ತು, ಆದ್ದರಿಂದ ನಗರದ ಒಂದು ಚೌಕದಲ್ಲೇ ನಡೆಸಿದರು. ಸುದ್ದಿ ಕೇಳಿ ಮಚ್ ವೆನ್‌ಲಾಕ್‌ನಿಂದ ಡಾಕ್ಟರ್ ಬ್ರೂಕ್ಸ್ 10 ಪೌಂಡ್ ಬಹುಮಾನ ಕಳಿಸಿದರು. ಅದು ದೂರದ ಓಟ ಗೆದ್ದ ಪೆಟ್ರೋಸ್ ವೆಲಿಸ್ಸಾರಿಯೂ ಎಂಬವನಿಗೆ ಸಿಕ್ಕಿತು. ಒಬ್ಬರನ್ನೊಬ್ಬರು ಎಂದೂ ನೋಡದ ಹಳ್ಳಿ ಡಾಕ್ಟರ್ ಮತ್ತು ಜಮೀನ್ದಾರ, ಒಂದೇ ಆಸೆಗೆ ದುಡ್ಡು ಹಾಕಿದ್ದರು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬ ಇಷ್ಟವಾಗುವ ಸಂಗತಿ ಇದು.

ಝಪ್ಪಾಸ್ 1865ರಲ್ಲಿ ತೀರಿಕೊಂಡ. ಆಸ್ತಿಯ ದೊಡ್ಡ ಪಾಲನ್ನು ಒಲಿಂಪಿಕ್ಸ್‌ಗೇ ಬರೆದಿಟ್ಟಿದ್ದ. ಆ ಹಣದಲ್ಲಿ ಹಳೆಯ ಪಾನಥೆನಾಯಿಕ್ ಸ್ಟೇಡಿಯಂ ಅಗೆಸಿ, 1870ರಲ್ಲಿ ಎರಡನೇ ಆಟ ನಡೆಸಿದರು. ಸುಮಾರು 30,000 ಜನ ನೋಡಿದರು. ಯಾರು ಬೇಕಾದರೂ ಭಾಗವಹಿಸಬಹುದಿತ್ತು, ದುಡಿಯುವ ಜನ ಬಂದು ಗೆದ್ದರು. ಎಲ್ಲ ಲೆಕ್ಕದಲ್ಲೂ ಆಟ ಯಶಸ್ವಿಯಾಗಿತ್ತು.

ಅದೇ ತೊಂದರೆಗೆ ಬಂತು. ಕೂಲಿಯವರು ಗೆದ್ದದ್ದು ಅಥೆನ್ಸ್‌ನ ಕೆಲವು ಪಂಡಿತರಿಗೆ ಸಹಿಸಲಾಗಲಿಲ್ಲ. 1875ರ ಆಟದ ಹೊತ್ತಿಗೆ ವ್ಯಾಯಾಮ ಶಿಕ್ಷಕ ಇಯೋನಿಸ್ ಫೋಕಿಯಾನೋಸ್ ಕೈಗೆ ಉಸ್ತುವಾರಿ ಬಂತು, ವಿದ್ಯಾರ್ಥಿಗಳಿಗೆ ಮಾತ್ರ ಅವಕಾಶ ಅಂತಾಯಿತು. ಆ ಆಟ ಸೊರಗಿತು. ಲಂಡನ್ನಿನ ಕ್ಲಬ್‌ನವರೂ ಅಥೆನ್ಸ್‌ನ ಪಂಡಿತರೂ ಒಂದೇ ದಾರಿ ಹಿಡಿದಿದ್ದರು. ಝಪ್ಪಾಸ್ ಹೆಸರಿನ ಝಪ್ಪಿಯಾನ್ ಕಟ್ಟಡ 1888ರಲ್ಲಿ ತೆರೆಯಿತು. ಅವನು ಕೇಳಿಕೊಂಡಿದ್ದಂತೆ ಅವನ ತಲೆಬುರುಡೆಯನ್ನು ಆ ಕಟ್ಟಡದ ಗೋಡೆಯೊಳಗೆ ಇಟ್ಟಿದ್ದಾರೆ.

ಕೂಬರ್ಟಿನ್ ಬಂದರು

1870ರ ಯುದ್ಧದಲ್ಲಿ ಫ್ರಾನ್ಸ್ ಜರ್ಮನ್ನರಿಗೆ ಸೋತಿತ್ತು. ಅದರ ನೆರಳಲ್ಲಿ ಬೆಳೆದ ಕೂಬರ್ಟಿನ್‌ಗೆ ಶಾಲೆಯಲ್ಲಿ ಆಟ ಬೇಕು, ಯುವಕರು ಗಟ್ಟಿಯಾಗಬೇಕು ಅನ್ನುವ ಹಂಬಲ. ಇಂಗ್ಲಿಷ್ ಶಾಲೆಗಳನ್ನು ನೋಡಲು ಓಡಾಡುತ್ತಿದ್ದಾಗ ಬ್ರೂಕ್ಸ್ ಪತ್ರ ಬರೆದು ಕರೆದರು. 1890ರ ಅಕ್ಟೋಬರ್‌ನಲ್ಲಿ 27 ವರ್ಷದ ಕೂಬರ್ಟಿನ್ ಮಚ್ ವೆನ್‌ಲಾಕ್‌ಗೆ ಬಂದರು. ಬ್ರೂಕ್ಸ್‌ಗೆ ಆಗ 81. ಅತಿಥಿಗಾಗಿ ವಿಶೇಷ ಆಟ ನಡೆಸಿದರು, ಅವರ ಹೆಸರಲ್ಲಿ ಓಕ್ ಗಿಡ ನೆಟ್ಟರು. ಅಥೆನ್ಸ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಹಬ್ಬ ಆಗಬೇಕು ಅಂತ ಬ್ರೂಕ್ಸ್ ಹತ್ತು ವರ್ಷದಿಂದ ಗ್ರೀಕ್ ಸರ್ಕಾರಕ್ಕೆ ಪತ್ರ ಬರೆಯುತ್ತಿದ್ದರು. ಊರಿಗೆ ಮರಳಿದ ಕೂಬರ್ಟಿನ್ ಒಂದು ಲೇಖನ ಬರೆದು, ಒಲಿಂಪಿಕ್ ಇನ್ನೂ ಬದುಕಿದ್ದರೆ ಅದು ಬ್ರೂಕ್ಸ್‌ರಿಂದ ಅಂತ ಒಪ್ಪಿಕೊಂಡರು. ಆದರೆ ವರ್ಷಗಳು ಕಳೆದಂತೆ ಆ ಹೆಸರು ಅವರ ಮಾತಿನಿಂದ ಮಾಯವಾಯಿತು.

ಕೂಬರ್ಟಿನ್ ಮಾಡಿದ ಕೆಲಸ ಸಣ್ಣದೇನಲ್ಲ. ಇತರರಿಗೆ ಆಗದ್ದನ್ನು ಅವರು ಮಾಡಿದರು. ಹಲವು ದೇಶಗಳನ್ನು ಒಂದು ಸಭೆಗೆ ತಂದರು. 1894ರ ಜೂನ್‌ನಲ್ಲಿ ಪ್ಯಾರಿಸ್‌ನ ಸೊರ್ಬೋನ್ ವಿಶ್ವವಿದ್ಯಾಲಯದಲ್ಲಿ ಒಲಿಂಪಿಕ್ಸ್ ಮತ್ತೆ ನಡೆಸುವ ತೀರ್ಮಾನವಾಯಿತು, ಗ್ರೀಸ್‌ನ ದಿಮಿತ್ರಿಯೋಸ್ ವಿಕೆಲಾಸ್ ಹೊಸ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾದರು. ಗ್ರೀಸ್ ಸರ್ಕಾರ ಆಗಷ್ಟೇ ದಿವಾಳಿಯಾಗಿತ್ತು. ಅಲೆಕ್ಸಾಂಡ್ರಿಯಾದಲ್ಲಿದ್ದ ವ್ಯಾಪಾರಿ ಜಾರ್ಜ್ ಅವೆರಾಫ್ ಕೊಟ್ಟ ಹಣದಿಂದ ಸ್ಟೇಡಿಯಂಗೆ ಅಮೃತಶಿಲೆ ಬಂತು. ಬ್ರೂಕ್ಸ್ 1895ರ ಡಿಸೆಂಬರ್‌ನಲ್ಲಿ ಕಣ್ಣುಮುಚ್ಚಿದರು. ಇನ್ನು ನಾಲ್ಕು ತಿಂಗಳು ಇದ್ದಿದ್ದರೆ ನೋಡುತ್ತಿದ್ದರು.

1896ರ ಆಟದಲ್ಲಿ ಎಲ್ಲರ ಮನಸ್ಸಲ್ಲಿ ನಿಂತದ್ದು ಮ್ಯಾರಥಾನ್. ಇದು ಗ್ರೀಕರ ಹಳೆಯ ಸ್ಪರ್ಧೆ ಅಂತ ಅನೇಕರು ನಂಬಿದ್ದಾರೆ. ಹಳೆಯ ಒಲಿಂಪಿಯಾದ ಅತಿ ದೂರದ ಓಟ ಐದು ಕಿಲೋಮೀಟರ್ ಕೂಡ ದಾಟುತ್ತಿರಲಿಲ್ಲ. ಮ್ಯಾರಥಾನ್ ಓಟ ಫ್ರೆಂಚ್ ವಿದ್ವಾಂಸ ಮಿಶೆಲ್ ಬ್ರೆಯಾಲ್ ಕೊಟ್ಟ ಸಲಹೆ. ಬೆಳ್ಳಿಯ ಕಪ್ ಕೂಡ ಅವರೇ ಕೊಟ್ಟರು. ಗೆದ್ದವನು ಮರೂಸಿ ಊರಿನ ಸ್ಪಿರಿಡಾನ್ ಲೂಯಿಸ್. ನೀರು ಹೊತ್ತು ಮಾರುತ್ತಿದ್ದ ಮನೆತನ. ಸುಮಾರು 40 ಕಿಲೋಮೀಟರನ್ನು ಮೂರು ಗಂಟೆಯೊಳಗೆ ಓಡಿ ಮುಗಿಸಿದ. ಇಡೀ ದೇಶ ಅವನನ್ನು ಹೊತ್ತು ಮೆರೆಸಿತು. ಒಲಿಂಪಿಯಾದಿಂದ ಜ್ಯೋತಿ ಒಯ್ಯುವ ಓಟ ಅದಕ್ಕಿಂತಲೂ ಹೊಸದು. 1936ರ ಬರ್ಲಿನ್ ಆಟಕ್ಕಾಗಿ, ನಾಜಿ ಆಡಳಿತದ ಕಾಲದಲ್ಲಿ ಕಾರ್ಲ್ ಡೀಮ್ ಅದನ್ನು ರೂಪಿಸಿದ.

ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಇಟಲಿಯ ಕಾರ್ಲೋ ಏರೋಲ್ಡಿ ಮಿಲಾನ್‌ನಿಂದ ಹೊರಟು, ಬಹುಪಾಲು ದಾರಿ ನಡೆದೇ ಅಥೆನ್ಸ್ ತಲುಪಿದ್ದ. ಹಿಂದೆ ಬಹುಮಾನದ ಹಣ ಪಡೆದಿದ್ದಾನೆ ಅಂತ ಅವನನ್ನು ಸೇರಿಸಲಿಲ್ಲ. 1912ರಲ್ಲಿ ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್ ಪೆಂಟಾಥ್ಲಾನ್, ಹತ್ತು ಆಟಗಳ ಡೆಕಾಥ್ಲಾನ್ ಎರಡನ್ನೂ ಗೆದ್ದ. ಹಿಂದೊಮ್ಮೆ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದ ಅನ್ನುವ ಕಾರಣಕ್ಕೆ ಪದಕ ಕಿತ್ತುಕೊಂಡರು. ಅವನೊಬ್ಬನೇ ವಿಜೇತ ಅಂತ ಮತ್ತೆ ದಾಖಲಾಗಿದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಅವನು ತೀರಿಕೊಂಡು ಸುಮಾರು 70 ವರ್ಷವಾಗಿತ್ತು.

1896ರಲ್ಲಿ ಹೆಣ್ಣುಮಕ್ಕಳು ಒಬ್ಬರೂ ಇರಲಿಲ್ಲ. ಆಮೇಲೆ ಟೆನಿಸ್, ಈಜಿನಂಥ ಕೆಲವು ಆಟಕ್ಕೆ ಬಿಟ್ಟರು, ಅಥ್ಲೆಟಿಕ್ಸ್‌ಗೆ ಬಿಡಲಿಲ್ಲ. ಹೆಣ್ಣುಮಕ್ಕಳ ಒಲಿಂಪಿಕ್ಸ್ ಅಂದರೆ ಕೂಬರ್ಟಿನ್‌ಗೆ ಹಿಡಿಸುತ್ತಿರಲಿಲ್ಲ, ಹಾಗಂತ ಬರೆದೂ ಇದ್ದಾರೆ. ಫ್ರಾನ್ಸಿನ ಆಲಿಸ್ ಮಿಲಿಯಾ ಕೇಳಿ ಕೇಳಿ ಸಾಕಾಗಿ, 1922ರಲ್ಲಿ ಪ್ಯಾರಿಸ್‌ನಲ್ಲಿ ತಾನೇ ಮಹಿಳೆಯರ ಒಲಿಂಪಿಕ್ಸ್ ನಡೆಸಿದಳು. ಒಂದೇ ದಿನದ ಆಟಕ್ಕೆ ಸುಮಾರು 20,000 ಜನ ಬಂದರು. ಒಲಿಂಪಿಕ್ ಸಮಿತಿ ಹೆಸರಿಗೆ ತಕರಾರು ತೆಗೆಯಿತು. ಒಲಿಂಪಿಕ್ ಅನ್ನುವುದನ್ನು ಅವಳು ಬಿಟ್ಟುಕೊಟ್ಟಳು, ಆದರೆ ಬದಲಿಗೆ ಅವಕಾಶ ಪಡೆದಳು. 1928ರ ಆಂಸ್ಟರ್‌ಡ್ಯಾಮ್‌ನಲ್ಲಿ ಮಹಿಳೆಯರಿಗೆ ಐದು ಅಥ್ಲೆಟಿಕ್ ಸ್ಪರ್ಧೆಗಳಾದವು.

ನಮ್ಮ ಕಡೆಯ ಒಂದು ಹೆಸರನ್ನೂ ಇಲ್ಲಿ ಹೇಳಲೇಬೇಕು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಆಟದಲ್ಲಿ ರೈತರು ಬರಿಗಾಲಲ್ಲಿ ಓಡುವುದನ್ನು ದೊರಾಬ್ಜಿ ಟಾಟಾ ನೋಡಿದರು. ಯೂರೋಪಿನ ಓಟಗಾರರಿಗೆ ಇವರೇನೂ ಕಮ್ಮಿಯಿಲ್ಲ ಅನ್ನಿಸಿತು. 1920ರಲ್ಲಿ ಆಂಟ್‌ವರ್ಪ್‌ಗೆ ಭಾರತದ ಪುಟ್ಟ ತಂಡ ಹೊರಟಿತು, ಖರ್ಚಿನ ದೊಡ್ಡ ಭಾಗ ಟಾಟಾ ಅವರದು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್‌ನಲ್ಲಿ 19ನೇ ಸ್ಥಾನ ಪಡೆದರು. ಅರ್ಧ ಶತಮಾನದ ಹಿಂದೆ ಲಂಡನ್ ಕ್ಲಬ್ ಬರೆದಿದ್ದ ನಿಯಮ ಇನ್ನೂ ಜಾರಿಯಲ್ಲಿದ್ದಿದ್ದರೆ, ಪುಣೆಯಲ್ಲಿ ಓಡಿದ ಆ ದುಡಿಯುವ ಜನರಿಗೆ ದಾರಿಯೇ ಇರುತ್ತಿರಲಿಲ್ಲ.

ನೆಮಿಯಾ

ಅಮೆರಿಕದ ಪುರಾತತ್ವ ತಜ್ಞ ಸ್ಟೀಫನ್ ಮಿಲ್ಲರ್ 1970ರ ದಶಕದಿಂದ, ಹಳೆಯ ಗ್ರೀಸ್‌ನ ಆ ನಾಲ್ಕು ಹಬ್ಬಗಳಲ್ಲಿ ಒಂದು ನಡೆಯುತ್ತಿದ್ದ ನೆಮಿಯಾದಲ್ಲಿ ಅಗೆದರು. ಹಳೆಯ ಸ್ಟೇಡಿಯಂ ಸಿಕ್ಕಿತು. ಓಟಗಾರರು ಮೈದಾನಕ್ಕೆ ಬರುತ್ತಿದ್ದ ಕಲ್ಲಿನ ಸುರಂಗವೂ ಸಿಕ್ಕಿತು. ಒಳಗೆ ತಮ್ಮ ಸರದಿಗೆ ಕಾಯುತ್ತಿದ್ದವರು ಗೋಡೆ ಮೇಲೆ ಗೀಚಿದ ಹೆಸರುಗಳು ಹಾಗೇ ಇದ್ದವು. ಓಟ ಶುರುವಾಗುವ ಕಡೆ ಹಗ್ಗದ ತಡೆ ಇತ್ತು. ಒಂದೇ ಸಲಕ್ಕೆ ಎಲ್ಲರ ಮುಂದೆಯೂ ಅದು ಬೀಳುತ್ತಿತ್ತು. ಅದರ ಮಾದರಿಯನ್ನು ಮತ್ತೆ ಕಟ್ಟಿದರು.

1996ರ ಜೂನ್ 1ರಂದು ಊರಿನ ಜನರ ಜೊತೆ ಸೇರಿ ಅಲ್ಲಿ ಮತ್ತೆ ಆಟ ಶುರು ಮಾಡಿದರು. ಅಂದಿನಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಸುತ್ತಾ ಬಂದಿದ್ದಾರೆ. ಬರಿಗಾಲು, ಬಿಳಿ ನಿಲುವಂಗಿ. ಯಾರು ಯಾವ ಸಾಲಲ್ಲಿ ಓಡಬೇಕು ಅಂತ ಚೀಟಿ ಎತ್ತುತ್ತಾರೆ. ಕಪ್ಪು ನಿಲುವಂಗಿಯ ತೀರ್ಪುಗಾರರ ಕೈಯಲ್ಲಿ ಬೆತ್ತ ಇರುತ್ತದೆ, ಹಗ್ಗ ಬೀಳುವ ಮೊದಲೇ ಓಡಿದವರಿಗೆ ಒಂದು ಏಟು. ಗೆದ್ದವರಿಗೆ ಸೆಲರಿ ಕಿರೀಟ. ಸಮಯದ ದಾಖಲೆ ಇಲ್ಲ, ರಾಷ್ಟ್ರಗೀತೆ ಇಲ್ಲ.

ಸ್ಟೇಡಿಯಂ ಒಳಗಿನ ಓಟ ಸುಮಾರು 100 ಮೀಟರ್, ಹೊರಗಿನ ದೂರದ ಓಟ 7.5 ಕಿಲೋಮೀಟರ್. ಮಕ್ಕಳಿಂದ ಅಜ್ಜಿ ತಾತಂದಿರವರೆಗೆ ವಯಸ್ಸಿಗೆ ತಕ್ಕ ಗುಂಪು, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಓಟ. ಯಾವ ದೇಶದವರಾದರೂ ಬರಬಹುದು. ಹಿಂದೆ ಗೆದ್ದಿರಬೇಕು, ಯಾವುದೋ ಸಂಘದ ಸದಸ್ಯರಾಗಿರಬೇಕು ಅನ್ನುವ ಷರತ್ತಿಲ್ಲ. ಹೆಸರು ಬರೆಸಿದರೆ ಸಾಕು.